ದೆವ್ವಕ್ಕೆ ಯಾವ ಭಾಷೆ?

ಲಂಡನ್ನಿನ ಪಶ್ಚಿಮದ ಅಂಚು, ಟ್ವಿಕನಮ್. ಅಲ್ಲಿನ ಸ್ಟ್ರಾಬೆರಿ ಹಿಲ್ ಎಂಬ ಹಳೆಯ ಮನೆಯ ತೋಟ. ಭಾನುವಾರ ಮಧ್ಯಾಹ್ನ. ಹೌನ್ಸ್ಲೋದಲ್ಲಿ ನಲವತ್ತು ವರ್ಷದಿಂದ ಇರುವ ಅತ್ತೆ, ಫಾರಸಿ ಕಾದಂಬರಿಗಳ ಮೇಲೆ ಪ್ರಬಂಧ ಬರೆಯಲು ಒದ್ದಾಡುತ್ತಿರುವ ಅಣ್ಣನ ಮಗ. ಮನೆ ನೋಡಿ ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ನಡುವೆ ಕಾಫಿ ಫ್ಲಾಸ್ಕು, ಒಂದು ಡಬ್ಬಿ ಕೋಡುಬಳೆ.

ಅತ್ತೆ: ಇಷ್ಟೇನೇನೋ ನಿನ್ನ ಭೂತಬಂಗಲೆ? ಹೊಸದಾಗಿ ಸುಣ್ಣ ಹೊಡೆದ ಕಲ್ಯಾಣ ಮಂಟಪ ಇದ್ದ ಹಾಗಿದೆ.

ಅಳಿಯ: ಭೂತಬಂಗಲೆ ಅಂತ ನಾನೆಲ್ಲಿ ಅಂದೆ ಅತ್ತೆ? ಗಾತಿಕ್ ಕಾದಂಬರಿ ಹುಟ್ಟಿದ ಮನೆ ಅಂದೆ. ಬರೋಕೆ ಮುಂಚೆ ಒಂಚೂರು ಹೇಳಿರೋಣ ಅಂತ ಬೆಳಿಗ್ಗೆ ಮನೆ ಫೋನಿಗೆ ಎರಡು ಸಲ ಮಾಡಿದೆ. ಮಷಿನ್ನು ಎತ್ತಿಕೊಳ್ತು, ಇಟ್ಟುಬಿಟ್ಟೆ.

ಅತ್ತೆ: ಪೂಜೆಗೆ ಕೂತಿದ್ದೆ.

ಅಳಿಯ: ಆ ಲ್ಯಾಂಡ್‌ಲೈನ್ ತೆಗೆಸಿಹಾಕಿ. ಮೊಬೈಲ್ ಇರುವಾಗ ತಿಂಗಳಾ ತಿಂಗಳಾ ದಂಡ.

ಅತ್ತೆ: ಇರ್ಲಿ, ಅದರ ಪಾಡಿಗೆ ಅದಿದೆ. ನೀನು ಈ ಮಹಾರಾಯನ ಕಥೆ ಹೇಳು. ವಾಸ ಮಾಡೋಕೆ ಯಾರಾದರೂ ಇಂಥ ಮನೆ ಕಟ್ಟಿಸ್ತಾರಾ?

ಅಳಿಯ: ಹೊರೇಸ್ ವಾಲ್‌ಪೋಲ್. ಅಪ್ಪ ಪ್ರಧಾನಮಂತ್ರಿ ಆಗಿದ್ದವನು, ಮಗನಿಗೆ ದುಡ್ಡಿನ ಬರ ಇರಲಿಲ್ಲ. 1747ರಲ್ಲಿ ಥೇಮ್ಸ್ ಹತ್ತಿರದ ಈ ಪುಟ್ಟ ಮನೆ ಹಿಡಿದು, ಹಳೇ ಚರ್ಚುಗಳ ಕಮಾನು, ಗೋರಿಗಳ ಕೆತ್ತನೆ ನೋಡಿ ನೋಡಿ ನಕಲು ಮಾಡಿಸ್ತಾ ವರ್ಷಗಟ್ಟಲೆ ಬೆಳೆಸಿದ. 1764ರ ಜೂನಿನಲ್ಲಿ ಒಂದು ಬೆಳಗಿನ ಜಾವ ಕನಸು ಬಿತ್ತು. ಯಾವುದೋ ಪುರಾತನ ಕೋಟೆ, ದೊಡ್ಡ ಮೆಟ್ಟಿಲು, ಮೇಲ್ಗಡೆ ಕಟಕಟೆಯ ಮೇಲೆ ಕಬ್ಬಿಣದ ಕವಚ ತೊಟ್ಟ ರಾಕ್ಷಸಗಾತ್ರದ ಒಂದು ಕೈ. ಅವತ್ತು ಸಂಜೆಯೇ ಬರೆಯೋಕೆ ಕೂತ. ಎರಡು ತಿಂಗಳು ತುಂಬೋದರೊಳಗೆ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಮುಗೀತು. ಮದುವೆ ದಿನವೇ ದೈತ್ಯ ಶಿರಸ್ತ್ರಾಣವೊಂದು ಮೇಲಿಂದ ಬಿದ್ದು ಮದುಮಗ ಅಪ್ಪಚ್ಚಿ ಆಗೋದರಿಂದ ಶುರು.

ಅತ್ತೆ: ನಾವು ಹತ್ತಿಬಂದ ಮೆಟ್ಟಿಲೇನಾ ಅದು? ಗೋಡೆಯ ಕೆತ್ತನೆ ಚೆನ್ನಾಗಿದೆ ಅಂತ ಕಣ್ಣು ಹತ್ತಿರ ತಂದರೆ ಬರೀ ಬಣ್ಣ ಕಣೋ. ಇನ್ನು ಮೇಲಿನ ಗ್ಯಾಲರಿ ಚಾವಣಿ ಕಾಗದದ್ದು ಅಂತ ಆ ಮನೆ ತೋರಿಸಿದ ಹುಡುಗಿ ಹೇಳಿದಾಗ ನಗು ತಡೆಯೋಕೆ ಆಗಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಲ್ಲಿನ ಚಾವಣಿ ನೋಡಿಕೊಂಡು ಕಾಗದದಲ್ಲಿ ಮಾಡಿದ್ದಂತೆ. ನಮ್ಮಜ್ಜಿ ಹಳೇ ಪೇಪರು ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಕೊಳಗದ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡ್ತಿದ್ದರು. ಅದೇ ವಿದ್ಯೆ. ಮೆಂತ್ಯ ಹಾಕಿದರೆ ಹುಳು ಹಿಡಿಯಲ್ಲ. ಇವನು ಹಾಕಿಸಿದ್ದನೋ ಇಲ್ಲವೋ.

ಅಳಿಯ: ಮನೆಯ ಒಳಗಿನ ಮಬ್ಬಿಗೆ ಅವನೇ ಒಂದು ಪದ ಕಟ್ಟಿದ್ದ. ಮಂಕು ಅನ್ನೋದನ್ನೂ ಬೆಚ್ಚಗೆ ಅನ್ನೋದನ್ನೂ ಗಂಟುಹಾಕಿ ‘ಗ್ಲೂಮ್ತ್’ ಅಂತ.

ಅತ್ತೆ: ಬಾಣಂತಿ ಕೋಣೆ ಅನ್ನು.

ಅಳಿಯ: (ನಗುತ್ತಾ) ಇದನ್ನು ಪ್ರಬಂಧಕ್ಕೆ ಹಾಕಿಕೊಳ್ತೀನಿ. ಆದರೆ ತಮಾಷೆ ಬೇರೆ ಇದೆ. ಇಷ್ಟೆಲ್ಲ ಕಟ್ಟಿದವನು ಪುಸ್ತಕಕ್ಕೆ ಮಾತ್ರ ತನ್ನ ಹೆಸರು ಹಾಕಲಿಲ್ಲ. ಇದು ಇಟಲಿಯ ಹಳೆಯ ಕೃತಿ, 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾಗಿತ್ತು, ನಾನು ಬರೀ ಅನುವಾದಕ ಅಂತ ಇಲ್ಲದ ಹೆಸರೊಂದರಲ್ಲಿ ಸುಳ್ಳು ಹೇಳಿದ. ಪುಸ್ತಕ ಗೆದ್ದ ಮೇಲೆ, ಎರಡನೇ ಮುದ್ರಣದಲ್ಲಿ, ನಾನೇ ಬರೆದದ್ದು ಅಂತ ಒಪ್ಪಿಕೊಂಡ. ಅಂದರೆ ಇಂಗ್ಲಿಷಿನ ಮೊದಲ ಗಾತಿಕ್ ದೆವ್ವ ಇಟಾಲಿಯನ್ ಮಾತಾಡ್ತಾ ಬಂತು. ಅದಾಗಿ ಇಪ್ಪತ್ತೆರಡು ವರ್ಷಕ್ಕೆ, 1786ರಲ್ಲಿ, ವಿಲಿಯಂ ಬೆಕ್‌ಫರ್ಡ್‌ನ ‘ವಾಥೆಕ್’. ಅದರ ಖಲೀಫ ನಿಧಿಯ ಆಸೆಗೆ ಇಸ್ತಖ್ರದ ಪಾಳುನಗರಕ್ಕೆ ಹೋಗ್ತಾನೆ. ನೆಲ ಬಿರಿದು ಬಾಗಿಲಾಗುತ್ತೆ. ಕೆಳಗೆ ಸೈತಾನನ ಅರಮನೆ. ಅಲ್ಲಿ ಸಾವಿರಾರು ಜನ ಬಲಗೈ ಎದೆ ಮೇಲಿಟ್ಟುಕೊಂಡು ಸುಮ್ಮನೆ ಓಡಾಡ್ತಿರ್ತಾರೆ, ಒಬ್ಬರನ್ನೊಬ್ಬರು ನೋಡದೆ. ಯಾಕೆ ಅಂದರೆ ಎಲ್ಲರ ಹೃದಯಕ್ಕೂ ಬೆಂಕಿ ಹತ್ತಿರುತ್ತೆ. ಆ ಇಸ್ತಖ್ರ ಎಲ್ಲಿದೆ ಗೊತ್ತಾ? ಇರಾನಿನಲ್ಲಿ, ಪರ್ಸೆಪೊಲಿಸ್ ಪಕ್ಕದಲ್ಲಿ. ಇರಾನಿಯರು ಗಾತಿಕ್ ಬರೆಯೋದಕ್ಕೆ ನೂರೈವತ್ತು ವರ್ಷ ಮುಂಚೆಯೇ ಇಂಗ್ಲಿಷಿನವರು ತಮ್ಮ ನರಕವನ್ನ ಅವರ ನೆಲದಡಿ ಇಟ್ಟಿದ್ದರು.

ಅತ್ತೆ: ತಮ್ಮೂರಲ್ಲಿ ಜಾಗ ಇರಲಿಲ್ಲ ಪಾಪ.

ಅಳಿಯ: ನನ್ನ ವಾದ ಅದೇ ಅತ್ತೆ. ದೆವ್ವ ಯಾವತ್ತೂ ನೆರೆಯವರ ಭಾಷೆ ಮಾತಾಡುತ್ತೆ. ‘ಆಪ್ತಮಿತ್ರ’ ನೆನಪಿದೆಯಾ? 2004ರದ್ದು. ಮೈಸೂರು ಕಡೆಯ ಅರಮನೆ, ಕನ್ನಡದ ಮನೆಮಂದಿ, ಆದರೆ ನಾಗವಲ್ಲಿ ಮೈಮೇಲೆ ಬಂದ ಕೂಡಲೇ ತೆಲುಗು. ಅದರ ಮೂಲ ಮಲಯಾಳದ ‘ಮಣಿಚಿತ್ರತಾಳ್’, ಅಲ್ಲಿ ಅದೇ ನಾಗವಲ್ಲಿ ತಂಜಾವೂರಿನವಳು, ಆಡೋದು ತಮಿಳು. ಸಿನಿಮಾ ಗಡಿ ದಾಟಿದ ಹಾಗೆ ದೆವ್ವವೂ ಒಂದೊಂದು ಗಡಿ ಆಚೆಗೆ ಸರಿಯಿತು.

ಅತ್ತೆ: ನಮ್ಮ ಕಡೆ ಮಾಟ ಮಂತ್ರ ಅಂದ ತಕ್ಷಣ ಕೇರಳದವರನ್ನು ಕರೆಸ್ತಾರಲ್ಲ, ಅವರನ್ನು ಕೇಳಿದರೆ ಇನ್ನೊಂದು ಊರು ತೋರಿಸ್ತಾರೆ. ಸರಿ. ಫಾರಸಿಯವರ ದೆವ್ವ ಏನು ಮಾತಾಡುತ್ತೆ?

ಅಳಿಯ: ನಮ್ಮ ಭಾಷೆ. ‘ಕುರುಡು ಗೂಬೆ’ ಓದಿದಿರಲ್ಲ?

ಅತ್ತೆ: ಓದಿದೆ. ಎರಡು ರಾತ್ರಿ ನಿದ್ದೆಗೆಟ್ಟೆ. ಆ ಮನುಷ್ಯನಿಗೆ ಅಫೀಮು ಬಿಟ್ಟು ಒಂದು ತುತ್ತು ಅನ್ನ ಹಾಕೋರು ಯಾರೂ ಇರಲಿಲ್ಲವಾ?

ಅಳಿಯ: ಅನ್ನ ಹಾಕೋ ದಾದಿ ಇದ್ದಾಳಲ್ಲ. ಅವನೇ ಉಣ್ಣಲ್ಲ.

ಅತ್ತೆ: ಹ್ಞೂಂ. ಬರೆದವನ ಬಗ್ಗೆ ಹೇಳು.

ಅಳಿಯ: ಸಾದೆಕ್ ಹೆದಾಯತ್. 1903ರಲ್ಲಿ ತೆಹರಾನಿನ ದೊಡ್ಡ ಮನೆತನದಲ್ಲಿ ಹುಟ್ಟಿದವನು, ಕಟ್ಟಾ ಸಸ್ಯಾಹಾರಿ. ಸಸ್ಯಾಹಾರದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾನೆ.

ಅತ್ತೆ: ಓಹೋ! ಅದಕ್ಕೇ ಆ ಕಿಟಕಿ ಎದುರು ಕಟುಕನ ಅಂಗಡಿ. ಅವನು ಕುರಿಯ ತೊಡೆ ನೇವರಿಸಿ ನೇವರಿಸಿ ಕತ್ತರಿಸೋದನ್ನ ಒಳಗಿಂದ ನೋಡ್ತಾ ಇರ್ತಾನಲ್ಲ ಆ ರೋಗಿ. ನಿನ್ನ ವಾಲ್‌ಪೋಲನ ಕೋಟೆಗಿಂತ ಆ ಕಿಟಕಿ ಸಾವಿರ ಪಾಲು ಭಯ.

ಅಳಿಯ: ರೆಜಾ ಶಾ ಕಾಲದಲ್ಲಿ ತೆಹರಾನಿನಲ್ಲಿ ಇಂಥದ್ದು ಅಚ್ಚಾಗೋ ಮಾತೇ ಇರಲಿಲ್ಲ. 1936ರಲ್ಲಿ ಬೊಂಬಾಯಿಗೆ ಬಂದ. ಅಲ್ಲಿನ ಪಾರ್ಸಿ ವಿದ್ವಾಂಸ ಬೆಹ್ರಾಮ್‌ಗೋರ್ ಅಂಕಲೇಸರಿಯಾ ಹತ್ತಿರ ಪಹ್ಲವಿ ಕಲಿತ. ‘ಬೂಫ್-ಎ ಕೂರ್’ ಅನ್ನೋ ಈ ಪುಸ್ತಕವನ್ನು ಅಲ್ಲೇ ಕೈಬರಹದಲ್ಲಿ ಬರೆದು, ಸೈಕ್ಲೊಸ್ಟೈಲ್ ಮಾಡಿ ಐವತ್ತು ಪ್ರತಿ ತೆಗೆದ. ಇರಾನಿನಲ್ಲಿ ಮಾರಾಟಕ್ಕಲ್ಲ ಅಂತ ಅದರ ಮೇಲೇ ನಮೂದಿಸಿದ.

ಅತ್ತೆ: ಮದುವೆ ಕರೆಯೋಲೆಯಾದರೂ ಅದಕ್ಕಿಂತ ಜಾಸ್ತಿ ಹಾಕಿಸ್ತಾರೆ.

ಅಳಿಯ: 1941ರಲ್ಲಿ ಶಾ ಪದಚ್ಯುತನಾದ ಮೇಲೇ ತೆಹರಾನಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಇಂಗ್ಲಿಷಿಗೆ ತಂದವರು ಡಿ.ಪಿ. ಕಾಸ್ಟೆಲೊ, ಪ್ರಕಟಿಸಿದ್ದು 1957ರಲ್ಲಿ ಇಲ್ಲೇ ಲಂಡನ್ನಿನ ಜಾನ್ ಕಾಲ್ಡರ್. ಅದನ್ನು ನೋಡೋಕೆ ಹೆದಾಯತ್ ಇರಲಿಲ್ಲ. 1951ರ ಏಪ್ರಿಲಿನಲ್ಲಿ ಪ್ಯಾರಿಸಿನ ಬಾಡಿಗೆ ಮನೆಯಲ್ಲಿ ಗ್ಯಾಸ್ ತೆರೆದಿಟ್ಟುಕೊಂಡು ಜೀವ ಬಿಟ್ಟಿದ್ದ. ಇನ್ನೊಂದು ಸಂಗತಿ ನಿಮಗೆ ಅಂತಲೇ ಇಟ್ಟುಕೊಂಡಿದ್ದೆ. ಬೊಂಬಾಯಿಯಿಂದ ಅವನು ಮೈಸೂರಿಗೂ ಬಂದಿದ್ದ. ದಿವಾನ್ ಮಿರ್ಜಾ ಇಸ್ಮಾಯಿಲರ ಪರಿಚಯವಾಗಿತ್ತು.

ಅತ್ತೆ: ಆಗಲೇಬೇಕಲ್ಲ! ಮಿರ್ಜಾ ಅವರ ತಾತ ಅಲಿ ಅಸ್ಕರ್ ಶಿರಾಜಿನಿಂದ ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದವರು. ಅಲಿ ಅಸ್ಕರ್ ರಸ್ತೆ ಅಂತ ಈಗಲೂ ಇದೆ. ರಿಚ್‌ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್ ಕಡೆ ಅವರ ಕುದುರೆ ಲಾಯ ಇತ್ತು ಅಂತ ನಮ್ಮಪ್ಪ ಹೇಳೋರು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಇಲ್ಲಿನ ರಿಚ್‌ಮಂಡ್ ಸ್ಟೇಷನ್ ಬೋರ್ಡು ನೋಡಿದಾಗೆಲ್ಲ ಮೂಗಿಗೆ ಸೀಕ್ ಕಬಾಬಿನ ವಾಸನೆ ಬರ್ತಿತ್ತು. ನಾನು ತಿಂದವಳಲ್ಲ, ವಾಸನೆ ಮಾತ್ರ ಗೊತ್ತು.

ಅಳಿಯ: ಹೆದಾಯತ್ ಭಾರತದ ಗುಂಗಿನಲ್ಲಿ ಫ್ರೆಂಚಿನಲ್ಲಿ ಎರಡು ಕಥೆ ಬರೆದ. ಒಂದರ ಹೆಸರು ‘ಸಾಂಪಿಂಗೇ’.

ಅತ್ತೆ: ಸಂಪಿಗೆ!

ಅಳಿಯ: ಸಂಪಿಗೆ.

ಅತ್ತೆ: ನೋಡು, ಇದನ್ನು ಮೊದಲೇ ಹೇಳಿದ್ದರೆ ಆ ಪುಸ್ತಕ ಇಷ್ಟು ಹೆದರಿಕೆ ಇಲ್ಲದೆ ಓದ್ತಿದ್ದೆ. ನಮ್ಮೂರಿಗೆ ಬಂದು ಸಂಪಿಗೆ ಮೂಸಿ ಹೋದವನು.

ಅಳಿಯ: ಆದರೆ ಅವನ ಕಾದಂಬರಿಯಲ್ಲಿ ಭಾರತ ಸಂಪಿಗೆಯಲ್ಲ, ವಿಷ. ಕಥೆ ಹೇಳೋನು ಲೇಖನಿ ಡಬ್ಬಿಗಳ ಮೇಲೆ ಚಿತ್ರ ಬರೆಯೋನು. ದಿನಾ ಅದೇ ಒಂದು ಚಿತ್ರ. ಸೈಪ್ರಸ್ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತ ಯೋಗಿಯಂಥ ಮುದುಕ, ತುಟಿ ಮೇಲೆ ಬೆರಳು. ನಡುವೆ ಸಣ್ಣ ತೊರೆ. ಆಚೆ ದಡದಲ್ಲಿ ಕಪ್ಪು ಬಟ್ಟೆಯ ಹುಡುಗಿ ಬಗ್ಗಿ ಹೂ ಕೊಡ್ತಿರ್ತಾಳೆ. ಡಬ್ಬಿಗಳೆಲ್ಲ ಚಿಕ್ಕಪ್ಪನ ಮೂಲಕ ಭಾರತಕ್ಕೆ ಮಾರಾಟಕ್ಕೆ ಹೋಗ್ತವೆ. ಒಂದು ದಿನ ಉಗ್ರಾಣದ ಗೋಡೆಯ ಮೇಲ್ಗಡೆ ತೂತಿನಲ್ಲಿ ಇಣುಕಿದರೆ ಅದೇ ಚಿತ್ರ ಜೀವಂತ. ಮಾರನೇ ದಿನ ನೋಡಿದರೆ ಗೋಡೆಯಲ್ಲಿ ತೂತೇ ಇಲ್ಲ.

ಅತ್ತೆ: ಅಲ್ಲಿಗೇ ನಾನು ಪುಸ್ತಕ ಮುಚ್ಚಿ ದೀಪ ಹಾಕಿದ್ದು. ಆಮೇಲೆ ಅವಳು ಬಂದು ಅವನ ಹಾಸಿಗೆ ಮೇಲೆ ಸಾಯೋದು, ಇವನು ಕತ್ತರಿಸಿ ಪೆಟ್ಟಿಗೆಗೆ ತುಂಬೋದು, ಅದೆಲ್ಲ ಓದೋಕೆ ಹೇಸಿಗೆ ಆಯ್ತೇ ಹೊರತು ಭಯ ಆಗಲಿಲ್ಲ. ಇದ್ದ ತೂತು ಇಲ್ಲ ಅಂದನಲ್ಲ, ಅದು ಭಯ. ನಮ್ಮ ಹಳೇ ಮನೆ ಉಗ್ರಾಣದಲ್ಲಿ ಬೆಲ್ಲದ ಗಡಿಗೆ ಮೇಲೆ ಅಂಗೈಯಗಲದ ಗವಾಕ್ಷಿ ಇತ್ತು. ಹನ್ನೊಂದು ಗಂಟೆಗೆ ಒಂದು ಕೋಲು ಬಿಸಿಲು ಅದರಿಂದ ಬಂದು ಗಡಿಗೆಯ ಬಾಯಿ ಮೇಲೆ ಬೀಳ್ತಿತ್ತು. ನಾಳೆ ಹೋಗಿ ನೋಡಿದಾಗ ಗವಾಕ್ಷಿ ಯಾವತ್ತೂ ಇರಲೇ ಇಲ್ಲ ಅಂತ ಎಲ್ಲರೂ ಅಂದರೆ ಏನು ಮಾಡ್ತೀಯ?

ಅಳಿಯ: ಕಥೆ ಹೇಳೋನ ತಾಯಿ ವಿಷಯಕ್ಕೆ ಬನ್ನಿ. ಅವಳು ಕಾಶಿಯ ಲಿಂಗದ ಗುಡಿಯಲ್ಲಿ ಕುಣಿಯೋಳು, ಹೆಸರು ಬುಗಾಮ್ ದಾಸಿ.

ಅತ್ತೆ: ತೆಲುಗರು ದೇವದಾಸಿಯರನ್ನು ಭೋಗಂ ಅಂತಿದ್ದರು. ನನ್ನ ಕಿವಿಗೆ ಹಾಗೇ ಕೇಳಿಸ್ತು.

ಅಳಿಯ: ಅಲ್ಲಿಗೆ ನಾಗವಲ್ಲಿಯ ಹಾಗೆ ಇವಳಿಗೂ ತೆಲುಗಿನ ಸಂಬಂಧ ಕಟ್ಟಿಬಿಟ್ಟಿರಿ. ವ್ಯಾಪಾರಕ್ಕೆ ಬಂದ ಅವನ ಅಪ್ಪ ಅವಳಿಗೆ ಮರುಳಾಗ್ತಾನೆ. ಅಪ್ಪನಿಗೆ ಒಬ್ಬ ಅವಳಿ ತಮ್ಮ, ತದ್ರೂಪ. ಅವನೂ ಅವಳ ಬಳಿ ಹೋಗ್ತಾನೆ. ನಿಜ ಹೊರಬಿದ್ದಾಗ ಅವಳು ಪರೀಕ್ಷೆ ಇಡ್ತಾಳೆ. ಇಬ್ಬರನ್ನೂ ನಾಗರಹಾವಿನ ಜೊತೆ ಕತ್ತಲೆ ಕೋಣೆಗೆ ಹಾಕಬೇಕು, ಉಳಿದು ಬಂದವನು ಗಂಡ. ಒಳಗಿಂದ ಒಂದು ಚೀರು. ಹೊರಗೆ ಬಂದವನ ಕೂದಲೆಲ್ಲ ಬೆಳ್ಳಗಾಗಿ, ಮುಖ ಜೋತುಬಿದ್ದು, ಅಪ್ಪನೋ ಚಿಕ್ಕಪ್ಪನೋ ಗುರುತೇ ಸಿಗಲ್ಲ. ಅವಳು ಊರು ಬಿಡುವಾಗ ಮಗುವಿಗೆ ಅಂತ ಒಂದು ಸೀಸೆ ದ್ರಾಕ್ಷಾರಸ ಕೊಟ್ಟು ಹೋಗ್ತಾಳೆ, ನಾಗರ ವಿಷ ಬೆರೆಸಿದ್ದು. ಆ ಸೀಸೆ ಅವನ ಕೋಣೆಯ ಗೂಡಿನಲ್ಲಿ ಇದ್ದೇ ಇರುತ್ತೆ. ಫಾರಸಿಯಲ್ಲಿ ಹಾವಿಗೆ ‘ಮಾರ್’ ಅಂತ ಪದ ಇದೆ, ಆದರೂ ಅವನು ‘ನಾಗ್’ ಅನ್ನೋ ನಮ್ಮ ಪದ ಹಿಡಿದು ತಂದು ಅದಕ್ಕೆ ಕಟ್ಟಿದ್ದಾನೆ. ಸಿಕ್ಕಿತಾ ನನ್ನ ವಾದ?

ಅತ್ತೆ: ಸಿಕ್ಕಿತು. ಒಪ್ಪಿಲ್ಲ.

ಅಳಿಯ: ಯಾಕೆ?

ಅತ್ತೆ: ‘ನಾಗಮಂಡಲ’ ನೋಡಿದ್ದೀಯಾ?

ಅಳಿಯ: ಓದಿದ್ದೀನಿ.

ಅತ್ತೆ: ಕಾರ್ನಾಡರು ಇಲ್ಲಿ ಮೇಫೇರಿನ ನೆಹರೂ ಸೆಂಟರಿಗೆ ನಿರ್ದೇಶಕರಾಗಿದ್ದಾಗ, 2000ದಿಂದ 2003ರವರೆಗೆ, ನಾವು ಅಲ್ಲಿಗೆ ಆಗಾಗ ಹೋಗ್ತಿದ್ದೆವು. ಅವರ ಆ ನಾಟಕ 1988ರದ್ದು, ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಬಂದದ್ದು. ಅದರಲ್ಲೇನಿದೆ ಲೆಕ್ಕ ಹಾಕು. ಒಬ್ಬ ಹೆಂಗಸು, ರಾಣಿ ಅಂತ. ತದ್ರೂಪ ಇಬ್ಬರು ಗಂಡಸರು, ಒಬ್ಬ ಗಂಡ, ಒಬ್ಬ ಗಂಡನ ವೇಷದ ನಾಗ. ಕೊನೆಗೆ ನಾಗರಹಾವಿನ ಪರೀಕ್ಷೆ. ನಿನ್ನ ಹೆದಾಯತನ ಸಾಮಾನೆಲ್ಲ ಇಲ್ಲೇ ಇದೆ. ವ್ಯತ್ಯಾಸ ಒಂದೇ. ಅಲ್ಲಿ ಗಂಡಸರು ಹಾವಿನ ಕೋಣೆಗೆ ಹೋಗ್ತಾರೆ, ಇಲ್ಲಿ ರಾಣಿ ಹುತ್ತಕ್ಕೆ ಕೈ ಹಾಕ್ತಾಳೆ. ಗಂಡನನ್ನೂ ಈ ಹಾವನ್ನೂ ಬಿಟ್ಟು ಇನ್ನಾರನ್ನೂ ಮುಟ್ಟಿಲ್ಲ ಅಂತ ಪ್ರಮಾಣ ಮಾಡ್ತಾಳೆ, ಅದು ನಿಜ ಕೂಡ. ಹಾವು ತಲೆ ಮೇಲೆ ಹೆಡೆ ಬಿಚ್ಚುತ್ತೆ, ಊರು ಕಾಲಿಗೆ ಬೀಳುತ್ತೆ. ಅದೇ ಹಾವು, ಅದೇ ಹೆಂಗಸು. ಒಂದು ಕಡೆ ಅವಳು ಬಾಯಿ ಬಿಟ್ಟಳು, ಅದು ಕಥೆಯಾಯ್ತು. ಇನ್ನೊಂದು ಕಡೆ ಬುಗಾಮ್ ದಾಸಿಗೆ ಇಡೀ ಪುಸ್ತಕದಲ್ಲಿ ಒಂದು ಮಾತಿಲ್ಲ. ಗಂಡ ಯಾರು, ಮೈದುನ ಯಾರು, ನಿನಗೆ ಹೇಗನ್ನಿಸಿತು ತಾಯಿ ಅಂತ ಯಾರೂ ಕೇಳಲಿಲ್ಲ. ಅವಳು ಸೀಸೆಯಲ್ಲಿ ವಿಷ ಕೊಡದೆ ಇನ್ನೇನು ಕೊಡ್ತಾಳೆ?

ಅಳಿಯ: ಅತ್ತೆ…

ಅತ್ತೆ: ತಡಿ, ಮುಗಿಸ್ತೀನಿ. ನೀನು ಹೇಳಿದೆ, ದೆವ್ವ ನೆರೆಯವರ ಭಾಷೆ ಮಾತಾಡುತ್ತೆ ಅಂತ. ಇವಳು ಮಾತೇ ಆಡಿಲ್ಲವಲ್ಲೋ. ಹೆದಾಯತನಿಗೆ ಲಿಂಗ, ಊದುಬತ್ತಿ ಹೊಗೆ, ಗಂಟೆ, ನಾಗ, ಇವೆಲ್ಲ ಅಪರಿಚಿತ, ಅದಕ್ಕೇ ಭಯ. ನನಗೆ ಅದು ಮನೆ. ಸೋಮವಾರ ಬೆಳಿಗ್ಗೆ. ಮೈಸೂರು ಸಂಸ್ಥಾನದ ಗುಡಿಗಳಲ್ಲಿ ದೇವದಾಸಿ ಸೇವೆ 1909ರಲ್ಲೇ ನಿಂತಿತ್ತು. ಅವನು ಬರುವ ಹೊತ್ತಿಗೆ ಇಲ್ಲಿ ನೋಡೋಕೆ ಇದ್ದದ್ದು ಮಿರ್ಜಾ ಸಾಹೇಬರ ಬೃಂದಾವನ ಉದ್ಯಾನ, ಬಣ್ಣದ ಕಾರಂಜಿ. ಅದನ್ನು ನೋಡಿ ಯಾರು ಹೆದರ್ತಾರೆ?

ಅಳಿಯ: ನೀವು ಹೇಳಿದ್ದನ್ನ ಹಾಗೇ ಬರೆದರೆ ನಮ್ಮ ಮೇಷ್ಟ್ರು ಒಪ್ಪಲ್ಲ. ಅವರಿಗೆ ಪಟ್ಟಿ ಬೇಕು. ಕೋಟೆ ಇದೆಯಾ, ಸುರಂಗ ಇದೆಯಾ, ಹಳೆಯ ಶಾಪ ಇದೆಯಾ, ಓಡೋ ನಾಯಕಿ ಇದ್ದಾಳಾ, ಒಂದೊಂದಕ್ಕೂ ಟಿಕ್ ಹಾಕಿ ಫಾರಸಿ ಕಾದಂಬರಿಯನ್ನು ಗಾತಿಕ್ ಅಂತ ಪಾಸು ಮಾಡಬೇಕು.

ಅತ್ತೆ: ಜಾತಕ ಕೂಡಿಸೋ ಹಾಗೆ. ಇನ್ನೊಂದು ಕೋಡುಬಳೆ ತಗೋ. ಕೋಟೆ ಇರೋದು ಯಾವುದಾದರೂ ಇದೆಯಾ ಅವರಲ್ಲಿ?

ಅಳಿಯ: ಇದೆ. ಹೂಶಂಗ್ ಗೊಲ್ಶಿರಿಯ ‘ಶಾಜ್ದೆ ಎಹ್ತೆಜಾಬ್’, 1969ರದ್ದು. ಜೇಮ್ಸ್ ಬುಕನ್ ‘ದಿ ಪ್ರಿನ್ಸ್’ ಅಂತ ಇಂಗ್ಲಿಷಿಗೆ ತಂದಿದ್ದಾರೆ. ಕಜಾರ್ ವಂಶದ ಕೊನೆಯ ಕುಡಿ, ಕ್ಷಯ. ಇಡೀ ಕಾದಂಬರಿ ಒಂದು ರಾತ್ರಿ. ಅವನು ಕುರ್ಚಿಯಲ್ಲಿ ಕೂತು ಕೆಮ್ತಾನೆ. ಗೋಡೆಯ ಫೋಟೋಗಳಿಂದ ತಾತ, ಅಜ್ಜಿ, ಅಪ್ಪ ಒಬ್ಬೊಬ್ಬರೇ ಇಳಿದು ಬರ್ತಾರೆ. ತಾತ ಜನರನ್ನು ಹೇಗೆ ಹಿಂಸೆ ಮಾಡಿ ಕೊಂದ, ಅಪ್ಪ ಸೈನ್ಯದಲ್ಲಿದ್ದಾಗ ಜನರ ಗುಂಪಿನ ಮೇಲೆ ಏನು ಮಾಡಿದ, ಎಲ್ಲ. ಹೆಂಡತಿ ಫಖ್ರುನ್ನೆಸಾ ಸತ್ತಿದ್ದಾಳೆ. ಇವನು ಮನೆಗೆಲಸದ ಫಖ್ರಿಗೆ ಸತ್ತವಳ ಬಟ್ಟೆ ತೊಡಿಸಿ, ಅವಳ ಹಾಗೆ ಕನ್ನಡಕ ಹಾಕಿಸಿ, ಅವಳ ಹಾಗೇ ಪುಸ್ತಕ ಹಿಡಿದು ಕೂರು ಅಂತಾನೆ. ತಪ್ಪಿದರೆ ಹೊಡೀತಾನೆ. ಅದೇ ಹೊತ್ತಿಗೆ ಅವಳು ಫಖ್ರಿಯಾಗಿ ಕೆಲಸವನ್ನೂ ಮಾಡಬೇಕು.

ಅತ್ತೆ: ಅಯ್ಯೋ ಪಾಪಿ.

ಅಳಿಯ: ಮುರಾದ್ ಅಂತ ಹಳೆಯ ಆಳು, ಗಾಲಿಕುರ್ಚಿಯಲ್ಲಿ ಬರ್ತಾನೆ. ಬಂದಾಗೆಲ್ಲ ಮನೆತನದಲ್ಲಿ ಯಾರು ಸತ್ತರು ಅಂತ ಸುದ್ದಿ ತರ್ತಾನೆ. ಅವತ್ತೂ ಬಂದ. ಎಹ್ತೆಜಾಬ್ ತೀರಿಕೊಂಡರು ಅಂದ. ಯಾರದು ಎಹ್ತೆಜಾಬ್ ಅಂತ ರಾಜಕುಮಾರನಿಗೆ ಹೊಳೆಯೋದೇ ಇಲ್ಲ. ಆಮೇಲೆ ನೆಲಮಾಳಿಗೆ ಕಡೆ ಇಳಿಯೋ ಮೆಟ್ಟಿಲು, ತೇವದ ಮೆಟ್ಟಿಲು, ಇಳೀತಾ ಇಳೀತಾ ಹೋಗ್ತಾನೆ. ವಾಲ್‌ಪೋಲನಿಗೆ ಭಯ ಮೆಟ್ಟಿಲ ಮೇಲ್ಗಡೆ ಕಂಡಿತು, ಗೊಲ್ಶಿರಿಗೆ ಕೆಳಗಡೆ.

ಅತ್ತೆ: ಇಲ್ಲಿ ಎಲ್ಲಿದೆ ನೆರೆಯವರ ಭಾಷೆ? ತಾತನೂ ಅವನದೇ, ಫೋಟೋನೂ ಅವನದೇ, ಮಾತೂ ಫಾರಸಿಯೇ.

ಅಳಿಯ: ಅದೇ ನನಗೂ ತೊಡಕು. ನನ್ನ ವಾದ ಹೆದಾಯತ್ ತನಕ ಚೆನ್ನಾಗಿ ಬರುತ್ತೆ, ಗೊಲ್ಶಿರಿ ಹತ್ತಿರ ಮುಗ್ಗರಿಸುತ್ತೆ. ಮತ್ತೆ ಸಾಎದಿ ಹತ್ತಿರ ಎದ್ದು ನಿಲ್ಲುತ್ತೆ.

ಅತ್ತೆ: ಅವರು ಯಾರು?

ಅಳಿಯ: ಗುಲಾಮ್ ಹುಸೇನ್ ಸಾಎದಿ. ಮನೋವೈದ್ಯ. ‘ಗಾವ್’ ಸಿನಿಮಾ, ಹಸು ಸತ್ತ ದುಃಖಕ್ಕೆ ತಾನೇ ಹಸುವಾಗಿ ಹುಲ್ಲು ಮೇಯೋ ರೈತನದ್ದು, ಅವರ ಕಥೆಯೇ. ಪರ್ಷಿಯನ್ ಕೊಲ್ಲಿಯ ಕರಾವಳಿ ಸುತ್ತಿ ‘ಅಹ್ಲ್-ಎ ಹವಾ’ ಅಂತ 1966ರಲ್ಲಿ ಒಂದು ಅಧ್ಯಯನ ತಂದರು. ಗಾಳಿ ಹಿಡಿದವರು ಅಂತ ಅರ್ಥ.

ಅತ್ತೆ: ಗಾಳಿ ಸೋಕಿದೆ ಅಂತ ನಾವೂ ಹೇಳ್ತೀವಲ್ಲ!

ಅಳಿಯ: ಅದೇ ಗಾಳಿ. ಆಫ್ರಿಕಾದಿಂದ, ಅರಬ್ಬರ ಕಡೆಯಿಂದ, ಭಾರತದಿಂದ ಹಡಗಿನ ದಾರಿ ಹಿಡಿದು ಬಂದು ಬಡ ಮೀನುಗಾರರ ಮೈ ಹೊಗ್ತವೆ. ಡೋಲು ಬಡಿದು ಗಾಳಿಯನ್ನು ಮಾತಾಡಿಸ್ತಾರೆ. ಆಗ ರೋಗಿ ಅರಬ್ಬಿಯಲ್ಲೋ ಹಿಂದಿಯಲ್ಲೋ ಸ್ವಾಹಿಲಿಯಲ್ಲೋ ಮಾತಾಡ್ತಾನೆ. ಆ ಗಾಳಿಯೇ ಮುಂದೆ ಅವರ ‘ತರ್ಸ್ ಒ ಲರ್ಜ್’ ಕಥೆಗಳಿಗೂ ಬೀಸಿತು. ಕರಾವಳಿಯ ಹಳ್ಳಿ, ಪ್ರತಿ ಕಥೆಯಲ್ಲೂ ಯಾರೋ ಹೊರಗಿನವರು ಬರ್ತಾರೆ, ಊರು ನಡುಗುತ್ತೆ. ಸಾಎದಿಯೂ ಕೊನೆಗೆ ದೇಶ ಬಿಟ್ಟು 1985ರಲ್ಲಿ ಪ್ಯಾರಿಸಿನಲ್ಲೇ ಸತ್ತರು. ಪೇರ್ ಲಾಶೇಸ್ ಸ್ಮಶಾನದಲ್ಲಿ ಹೆದಾಯತನ ಗೋರಿ ಇರೋ ಕಡೆಯೇ ಅವರದ್ದೂ.

ಅತ್ತೆ: ನಿನ್ನ ಮಾವ ಇರಬೇಕಿತ್ತು ಇದನ್ನು ಕೇಳೋಕೆ. ಅವರ ಕುಂಬಳೆ ಕಡೆ ಆಲಿ ಭೂತ ಇದೆ, ಮುಸ್ಲಿಂ ಮಂತ್ರವಾದಿ ಭೂತವಾದದ್ದು. ಆರಿಕ್ಕಾಡಿಯ ಭಗವತಿ ಗುಡಿಯಲ್ಲಿ ಕಟ್ಟುತ್ತಾರೆ. ಮುಸ್ಲಿಮರೂ ಬಂದು ಹರಕೆ ಒಪ್ಪಿಸ್ತಾರೆ. ಉಡುಪಿ ಕಡೆ ಮೊಗವೀರರ ಬೊಬ್ಬರ್ಯನೂ ಸಮುದ್ರ ವ್ಯಾಪಾರದ ಮುಸ್ಲಿಂ ಮನೆತನಕ್ಕೆ ಸೇರಿದವನು ಅಂತಾರೆ. ಆದರೆ ಒಂದು ಮಾತು. ಅಲ್ಲಿ ಹೊರಗಿನಿಂದ ಬಂದ ಭೂತವನ್ನು ಓಡಿಸಲ್ಲ. ಜಾಗ ಕೊಟ್ಟು, ವರ್ಷಕ್ಕೊಂದು ಸಲ ಕರೆದು, ಏನು ಬೇಕಪ್ಪ ಅಂತ ಕೇಳಿ, ಕೊಟ್ಟು ಕಳಿಸ್ತಾರೆ. ಮಾವನಿಗೆ ನಿನ್ನ ಈ ಗಾತಿಕ್ ಕಥೆ ಹೇಳಿದ್ದರೆ ಒಂದೇ ಮಾತು ಕೇಳ್ತಿದ್ದರು, ಅದಕ್ಕೆ ಕೋಲ ಕೊಟ್ಟಿದ್ದಾರಾ ಅಂತ.

ಅಳಿಯ: ಹೊತ್ತಾಯ್ತು, ಏಳಿ. ಸ್ಟೇಷನ್ ಕಡೆ ಮಾತಾಡ್ತಾ ಹೋಗೋಣ.

(ರೈಲಿನಲ್ಲಿ. ಡಬ್ಬಿಯ ತಳದಲ್ಲಿ ಕೋಡುಬಳೆ ಪುಡಿ ಮಾತ್ರ ಉಳಿದಿದೆ.)

ಅಳಿಯ: ಲಂಡನ್ನಿನದೇ ಫಾರಸಿ ದೆವ್ವ ಒಂದಿದೆ. ‘ಅಂಡರ್ ದಿ ಶ್ಯಾಡೋ’, 2016ರ ಸಿನಿಮಾ. ಮಾಡಿದ ಬಾಬಕ್ ಅನ್ವರಿ ತೆಹರಾನಿನಲ್ಲಿ ಹುಟ್ಟಿ ಇಲ್ಲಿ ನೆಲೆಸಿದವರು. ಪೂರಾ ಫಾರಸಿ ಮಾತು, ಚಿತ್ರೀಕರಣ ಜೋರ್ಡಾನಿನಲ್ಲಿ, ಆದರೆ ಆಸ್ಕರ್‌ನ ವಿದೇಶಿ ಭಾಷೆಯ ವಿಭಾಗಕ್ಕೆ ಬ್ರಿಟನ್ನಿನ ಪರವಾಗಿ ಹೋದದ್ದು ಅದೇ.

ಅತ್ತೆ: ನೋಡಿದೆ ಕಣೋ, ಟೀವಿಯಲ್ಲಿ. 1988, ತೆಹರಾನ್ ಮೇಲೆ ಇರಾಕಿನ ಕ್ಷಿಪಣಿ ಬೀಳೋ ಕಾಲ. ಕಿಟಕಿ ಗಾಜಿಗೆಲ್ಲ ಅಡ್ಡಡ್ಡ ಟೇಪು ಅಂಟಿಸಿರ್ತಾರೆ. ಗಂಡ ಯುದ್ಧದ ಕಡೆ. ಇವಳಿಗೆ ಡಾಕ್ಟರಿ ಓದು ಮುಂದುವರಿಸೋಕೆ ಬಿಡಲ್ಲ. ಮಗಳ ಗೊಂಬೆ ಕಾಣೆಯಾಗುತ್ತೆ. ಮನೆಯೊಳಗೆ ಜಿನ್ ಸೇರಿದೆ, ಕಾಣೋದು ಒಂದು ಚಾದರ ಮಾತ್ರ. ಭಯಕ್ಕೆ ಮಗೂನ ಎತ್ತಿಕೊಂಡು ಬೀದಿಗೆ ಓಡಿದರೆ, ತಲೆ ಮೇಲೆ ಬಟ್ಟೆ ಇಲ್ಲ ಅಂತ ಪೊಲೀಸು ಹಿಡಿದು ಠಾಣೆಗೆ ಒಯ್ತಾರೆ. ಒಳಗಿನ ದೆವ್ವ ಚಾದರ ಹೊದ್ದಿದೆ, ಹೊರಗಿನವರು ಚಾದರ ಹೊದ್ದುಕೋ ಅಂತಾರೆ. ಅವಳು ಎಲ್ಲಿಗೆ ಹೋಗಬೇಕು?

ಅಳಿಯ: ಆ ಜಿನ್ ಮಗಳ ಹತ್ತಿರ ಅಮ್ಮನ ವಿರುದ್ಧ ಚಾಡಿ ಹೇಳುತ್ತೆ. ಗಂಡನ ದನಿಯಲ್ಲಿ ಫೋನಿನಲ್ಲಿ ಬೈಯುತ್ತೆ. ಪೂರ್ತಿ ಮನೆಮಾತಿನಲ್ಲಿ.

ಅತ್ತೆ: ‘ನಾಳೆ ಬಾ’ ದೆವ್ವದ ಹಾಗೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಹೋದಾಗ ನೋಡಿದ್ದೆ, ನಮ್ಮ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ. ರಾತ್ರಿ ಬಂದು ನಿನ್ನ ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತೆ, ಓಗೊಟ್ಟರೆ ಮುಗೀತು ಅಂತ. ನಿಮ್ಮಜ್ಜಿ ನಿಮ್ಮಪ್ಪನ ಕೈಲಿ ಎರಡು ಸಲ ಬರೆಸಿದ್ದರು, ಮೊದಲನೇ ಸಲ ಅಕ್ಷರ ಚೆನ್ನಾಗಿ ಬರಲಿಲ್ಲ ಅಂತ. ಹಾಗೆ ನೋಡಿದರೆ ನಿನ್ನ ವಾದ ತಿರುಗಾ ಮುರುಗಾ. ನೆರೆಯವರ ಭಾಷೆಯ ದೆವ್ವ ಸಿನಿಮಾದ್ದು, ಕುಣಿದು ಹೋಗುತ್ತೆ. ನಿಜಕ್ಕೂ ಬಾಗಿಲು ತೆಗೆಸೋದು ಅಮ್ಮನ ದನಿಯಲ್ಲಿ ಕರೆದದ್ದು.

ಅಳಿಯ: ಹಾಗಾದರೆ ಹೆದಾಯತನನ್ನು ಏನು ಮಾಡಲಿ?

ಅತ್ತೆ: ಅವನನ್ನು ಅವನ ಪಾಡಿಗೆ ಬಿಡು. ಕಾಶಿ, ನಾಗ, ದಾಸಿ ಅಂತ ಎಷ್ಟು ದೂರ ಹೋದರೂ ಕೊನೆಗೆ ಆ ಕಥೆ ಹೇಳೋನು ಕನ್ನಡಿ ನೋಡಿಕೊಂಡಾಗ ಕಂಡದ್ದೇನು? ತಾನೇ ಆ ಮುದುಕ. ಬರೆಯೋಕೆ ಕೂತಾಗ ಗೋಡೆಯ ಮೇಲೆ ಬೀಳೋ ಗೂಬೆಯಂಥ ನೆರಳೂ ಅವನದೇ.

ಅಳಿಯ: ಇದನ್ನು ಬರೆದುಕೊಳ್ಳೋಕೆ ಬಿಡಿ ಒಂದು ನಿಮಿಷ.

ಅತ್ತೆ: ಬೇಗ ಬರಿ, ಮುಂದಿನದೇ ಟ್ವಿಕನಮ್. ನಾನು ಹೌನ್ಸ್ಲೋಗೆ ರೈಲು ಬದಲಾಯಿಸಬೇಕು, ನೀನು ನೇರ ವಾಟರ್ಲೂಗೆ ಹೋಗು. ಮತ್ತೆ ಇನ್ನೊಂದು. ಇನ್ನು ಮೇಲೆ ಮಷಿನ್ನು ಎತ್ತಿಕೊಂಡರೆ ಅರ್ಧಕ್ಕೇ ಇಡಬೇಡ.

ಅಳಿಯ: ಯಾಕೆ?

ಅತ್ತೆ: ಪೂರ್ತಿ ಕೇಳಿಸಿಕೋ. ಮಾವನ ದನಿ. ಆ ಮಷಿನ್ನು ತಂದ ದಿನ ಅವರೇ ಕೂತು ರೆಕಾರ್ಡ್ ಮಾಡಿದ್ದು. ಮನೇಲಿ ನನ್ನ ಹತ್ತಿರ ಕನ್ನಡ, ಅವರಮ್ಮನ ಹತ್ತಿರ ತುಳು, ಬೈಯೋಕೆ ಮಲಯಾಳ. ಆದರೆ ಅದರಲ್ಲಿ ಇಂಗ್ಲಿಷು. ನಾವೀಗ ಮನೇಲಿಲ್ಲ, ಹೆಸರು ನಂಬರು ಹೇಳಿ, ಅಂತ. ಹನ್ನೊಂದು ಸೆಕೆಂಡು. ಕೊನೇಲಿ ಥ್ಯಾಂಕ್ ಯೂ ಅಂದಮೇಲೆ ಬಟನ್ ಎಲ್ಲಿದೆ ಅಂತ ನನ್ನನ್ನು ಕೇಳೋದು ಅರ್ಧ ಬಂದಿದೆ, ಅದು ಕನ್ನಡ. ಆಮೇಲೆ ಟೂಂಯ್ ಅನ್ನುತ್ತೆ.

ಅಳಿಯ: …

ಅತ್ತೆ: ಡಬ್ಬಿ ನೀನೇ ಇಟ್ಟುಕೋ, ಮುಂದಿನ ವಾರ ಬರುವಾಗ ತಾ. ತೊಳೆದು ತಾ.